ಸಾರಕ್ಕಿಯಲ್ಲಿ ತೆಗೆಸಿದ ಬೀಗ

ಬಿ.ಟಿ.ಎಂ. ಎರಡನೇ ಹಂತ, ಬೆಂಗಳೂರು
ಭಾನುವಾರ, 14 ಜೂನ್ 2009

ಚಿರಂಜೀವಿ ಪ್ರಿಯಾಂಕಾಳಿಗೆ, ಮುಚ್ಚಿದ ಬಾಗಿಲಿನ ಈಚೆಯಿಂದ ನಿನ್ನ ಅವ್ವ ಮಾಡುವ ಆಶೀರ್ವಾದ.

ಚಿರಂಜೀವಿ ಎಂದು ಬರೆಯುವಾಗ ಪೆನ್ನು ನಿಂತಿತು. ನೀನು ಹಾಸ್ಟೆಲ್ಲಿನಲ್ಲಿದ್ದಾಗ ಕಾಗದದ ಮೇಲೆ ಕಾಗದ ಬರೆದವಳು ನಾನು. ಆಗೆಲ್ಲ ಈ ಪದ ತಾನಾಗಿ ಇಳಿಯುತ್ತಿತ್ತು. ಈಗ ಅದನ್ನು ಬರೆಯುವ ಯೋಗ್ಯತೆ ನನಗೆ ಉಳಿದಿದೆಯೋ ಇಲ್ಲವೋ, ಓದಿ ಮುಗಿಸಿ ನೀನೇ ತೀರ್ಮಾನ ಮಾಡು.

ಒಂದೇ ಮನೆ, ನಡುವೆ ಒಂದೇ ಬಾಗಿಲು, ಆದರೂ ಕಾಗದವೇ ಎಂದು ಕೇಳಬಹುದು. ನೀನು ಒಳಕೋಣೆಯಲ್ಲಿ ನಾಳೆ ಆಫೀಸಿನವರಿಗೆ ಕೊಡಬೇಕಾದ ಉತ್ತರ ಬರೆಯುತ್ತ ಕೂತಿದ್ದೀ. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಸರಿಸಿ ಕಾಗದ ಹರವಿಕೊಂಡಿದ್ದೇನೆ. ಎದುರಿಗೆ ನಿಂತು ಹೇಳಿದರೆ ನಾನು ಸರಿಯಾಗಿ ಹೇಳಲಾರೆ. ಅಂದರೆ, ಬಹಳ ಚೆನ್ನಾಗಿ ಹೇಳಿಬಿಡುತ್ತೇನೆ. ನಾಟಕ ಕಂಪನಿಯ ತಗಡಿನ ಥಿಯೇಟರಿನಲ್ಲಿ, ಮೈಕು ಕೈಕೊಟ್ಟ ದಿನವೂ, ಕಟ್ಟಕಡೆಗೆ ನೆಲದ ಮೇಲೆ ಕೂತವರಿಗೆ ಕೇಳುವಂತೆ ಮಾತಾಡಿದ ಗಂಟಲು ಇದು. ತಪ್ಪು ಒಪ್ಪಿಕೊಳ್ಳಲು ನಿಂತರೂ ಎಲ್ಲಿ ದನಿ ಇಳಿಸಬೇಕು, ಎಲ್ಲಿ ಸೆರಗು ಬಾಯಿಗೆ ಒತ್ತಬೇಕು ಎಂದು ಅದಕ್ಕೆ ಗೊತ್ತಾಗಿಬಿಡುತ್ತದೆ. ನೀನು ಕರಗುತ್ತೀ. ಹಾಗೆ ಕರಗಿಸಿ ಪಡೆದ ಕ್ಷಮೆ ನನಗೆ ಬೇಡ. ಕಾಗದಕ್ಕೆ ದನಿ ಇಲ್ಲ, ಅದಕ್ಕೇ ಕಾಗದ.

ಇನ್ನು ಪರದೆ ಸರಿಸುತ್ತೇನೆ. ನಿನ್ನ ಆಫೀಸಿನ ಲ್ಯಾಪ್‌ಟಾಪಿನ ಬೀಗ ತೆಗೆಸಿದವಳು ನಾನು.

ಮೊನ್ನೆ ಮಂಗಳವಾರ ನೀನು ಗೆಳತಿ ವನಿತಾಳ ಜೊತೆ ಫೋನಿನಲ್ಲಿ ಮಾತಾಡಿದ್ದೆಲ್ಲ ನನ್ನ ಕಿವಿಗೆ ಬಿದ್ದಿದೆ. ಆ ಬೀಗವನ್ನು ದಾರಿಯಲ್ಲಿ ಹೋಗುವವರೂ ತೆಗೆಯಬಹುದು, ಸರಿ ಮಾಡಬೇಕು ಎಂದು ನೀನು ರಿಪೋರ್ಟು ಬರೆದದ್ದು, ನಿಮ್ಮ ಮ್ಯಾನೇಜರ್ ರವಿಕುಮಾರ ಎಲ್ಲರ ಮುಂದೆ, "ಯಾರ್ರೀ ತೆಗೀತಾರೆ? ಒಬ್ಬನ್ನ ತೋರ್ಸಿ ನೋಡೋಣ" ಎಂದು ನಕ್ಕಿದ್ದು, ಕಳೆದ ಸೋಮವಾರ ನೀನು ಅದನ್ನು ಆಫೀಸಿಗೆ ಒಯ್ದು ಗುಂಡಿ ಒತ್ತಿದರೆ ಅದು ಪಾಸ್‌ವರ್ಡ್ ಕೇಳದೆ ತೆರೆದುಕೊಂಡದ್ದು, ನೀನೇ ಹೋಗಿ ಅದನ್ನು ಅವನಿಗೆ ತಿಳಿಸಿದರೆ ಅವನು, "ರಿಪೋರ್ಟ್ ನಿಜ ಮಾಡೋಕೆ ನೀವೇ ಯಾರಿಗೋ ಪಾಸ್‌ವರ್ಡ್ ಕೊಟ್ಟಿದ್ದೀರಾ" ಎಂದು ತಿರುಗಿಬಿದ್ದದ್ದು. ನಾಳೆ ನಿನ್ನ ಉತ್ತರ ಅವರಿಗೆ ಒಪ್ಪಿಗೆಯಾಗದಿದ್ದರೆ ಕೆಲಸ ಹೋಗುತ್ತದೆ, ಗುಟ್ಟು ಬಿಟ್ಟುಕೊಟ್ಟವಳು ಎಂಬ ಹೆಸರು ಹೊತ್ತವಳನ್ನು ಈ ಊರಿನಲ್ಲಿ ಇನ್ಯಾರೂ ಒಳಗೆ ಕರೆಯುವುದಿಲ್ಲ. ಇಷ್ಟೂ ಗೊತ್ತಿದ್ದು ನಾನು ವಾರವಿಡೀ ರೊಟ್ಟಿ ಬಡಿದೆ, ನಿನ್ನ ತಾಟಿಗೆ ಹಾಕಿದೆ, ಬಾಯಿ ಬಿಡಲಿಲ್ಲ.

ಬಿಡದೆ ಇರಲು ಕಾರಣ ನೀನು ರವಿಕುಮಾರನಿಗೆ ಹೇಳಿದ ಆ ಒಂದು ಮಾತು. ವನಿತಾಳಿಗೆ ಅದನ್ನು ಮತ್ತೆ ಹೇಳಿ ತೋರಿಸುತ್ತಿದ್ದೆ: "ಮನೇಲಿ ನಮ್ಮ ತಾಯಿ ಒಬ್ರೇ ಇದ್ರು ಸಾರ್. ಅವ್ರು ಅದರ ಧೂಳು ಒರೆಸೋಕೂ ನನ್ನನ್ನ ಕೇಳ್ತಾರೆ. ಅವ್ರ ಮೇಲೆ ಆಣೆ ಮಾಡ್ತೀನಿ ಬೇಕಾದ್ರೆ." ನಾನು ಆಗ ಒಲೆಯ ಮುಂದಿದ್ದೆ. ಬೆಂಕಿ ಒಲೆಯಲ್ಲಿತ್ತೋ ನನ್ನ ಮುಖದಲ್ಲಿತ್ತೋ ತಿಳಿಯಲಿಲ್ಲ.

ಈಗ ನಡೆದದ್ದು ಕೇಳು. ಕಳೆದ ವಾರದ ಶನಿವಾರ ನೀನು ವನಿತಾಳ ಅಕ್ಕನ ಮದುವೆಗೆಂದು ಕನಕಪುರಕ್ಕೆ ಹೋದೆ. ಲ್ಯಾಪ್‌ಟಾಪು ಮನೆಯಲ್ಲಿತ್ತು. ಹಿಂದಿನ ದಿನ ಇಳಕಲ್ಲಿನಿಂದ ನಿನ್ನ ದೊಡ್ಡವ್ವ ಲಕ್ಕವ್ವ ಫೋನು ಮಾಡಿ, ಒಂದು ಒಳ್ಳೆಯ ಸಂಬಂಧ ಬಂದಿದೆ, ಹುಡುಗಿಯ ಮನಸ್ಸಿನಲ್ಲಿ ಬೇರೆ ಯಾರಾದರೂ ಇದ್ದರೆ ಮೊದಲೇ ಹೇಳಿಬಿಡು, ಆಮೇಲೆ ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದು ಬೇಡ ಎಂದಿದ್ದಳು. ನಾನು ಕೋಣೆಗೆ ಬಂದರೆ ಸಾಕು, ನೀನು ಅದರ ಮುಚ್ಚಳ ಇಳಿಸುತ್ತಿದ್ದೆ. ಒಳಗೆ ಯಾವನೋ ಇದ್ದಾನೆ ಅಂದುಕೊಂಡೆ. ಗುಂಡಿ ಒತ್ತಿ ನೋಡಿದೆ. ಕಪ್ಪು ಪರದೆ, ಬಿಳಿ ಚೌಕ, ಪಾಸ್‌ವರ್ಡ್ ಕೊಡು ಎಂದಿತು.

ಆ ಬೀಗದ ಬಗ್ಗೆ ನೀನೇ ಒಮ್ಮೆ ಊಟಕ್ಕೆ ಕೂತಾಗ ಹೇಳಿದ್ದೆ. ಗುಂಡಿ ಒತ್ತಿದ ಕೂಡಲೇ, ಬಣ್ಣದ ಚಿತ್ರಗಳೆಲ್ಲ ಬರುವ ಮೊದಲು, ಒಳಗೆ ಒಂದು ಸಣ್ಣ ಪ್ರೋಗ್ರಾಂ ಎಲ್ಲರಿಗಿಂತ ಮುಂಚೆ ಏಳುತ್ತದೆ, ಉಳಿದವನ್ನೆಲ್ಲ ಅದೇ ಎಬ್ಬಿಸುತ್ತದೆ, ಅದಕ್ಕೆ ಬಯೋಸ್ ಅಂತಾರೆ, ಅದರ ಪರೀಕ್ಷೆಯೇ ನನ್ನ ಕೆಲಸ ಎಂದು. "ಹಂಗಾದ್ರ ಅದು ನಮ್ಮ ಕಂಪನಿಯ ಗುರುಬಸಪ್ಪ ಇದ್ದಂಗ" ಅಂದಿದ್ದೆ ನಾನು. ನಾಟಕ ಶುರುವಾಗುವ ಮೊದಲು ದೀಪ ನೋಡಿ, ಪರದೆಯ ಹಗ್ಗ ಜಗ್ಗಿ ನೋಡಿ, ಕುಡಿದು ಮಲಗಿದ ಖಳನಾಯಕನ ಮುಖಕ್ಕೆ ನೀರು ಹಾಕಿ ಎಬ್ಬಿಸುತ್ತಿದ್ದವನು ಅವನೇ. ನೀನು ನಕ್ಕು, "ಹೂಂ ಅವ್ವಾ, ನಮ್ಮ ಗುರುಬಸಪ್ಪನ ಕಡೆ ಒಂದು ಬೀಗನೂ ಐತಿ" ಅಂದಿದ್ದೆ.

ಬಿ.ಟಿ.ಎಂ.ನಲ್ಲಿ ರಿಪೇರಿ ಅಂಗಡಿಗಳಿಗೇನು ಬರವಿಲ್ಲ. ಆದರೆ ಇಲ್ಲಿ ಹಾಲಿನವನಿಂದ ಹಿಡಿದು ಎಲ್ಲರಿಗೂ ನಾನು ಪ್ರಿಯಾಂಕಾ ಮೇಡಂ ಅಮ್ಮ. ಅದಕ್ಕೆ ಲ್ಯಾಪ್‌ಟಾಪನ್ನು ಸೀರೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಬಸ್ಸು ಹತ್ತಿ ಸಾರಕ್ಕಿಗೆ ಹೋದೆ. ಮಾರ್ಕೆಟ್ಟಿನ ಎದುರು ಒಂದು ಮಹಡಿಯ ಮೇಲೆ ಅಂಗಡಿ. ನಡೆಸುವವನು ಯುವರಾಜ್, ಅಲ್ಲಿನ ಹಳೇ ಊರಿನವನೇ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಬಿಚ್ಚಿ ಹರಡಿದ ಯಂತ್ರಗಳು.

"ಯಾರ್ದಮ್ಮ ಇದು?" ಅಂದ. ಮಗಳದು ಅಂದೆ.

"ಹಂಗಾದ್ರೆ ಅವ್ರನ್ನೇ ಕಳ್ಸಿ. ಓನರ್ ಬರ್ದೆ ನಾನು ಲಾಕ್ ಮುಟ್ಟಲ್ಲ. ಕದ್ದ ಮಾಲು ತರೋರು ಜಾಸ್ತಿ ಆಗೋಗಿದ್ದಾರೆ. ನಿಮ್ಮನ್ನ ಅಂತಿಲ್ಲ, ಬೇಜಾರ್ ಮಾಡ್ಕೋಬೇಡಿ."

ಎಷ್ಟು ನ್ಯಾಯವಾದ ಮಾತು. ಅಷ್ಟಕ್ಕೇ ಚೀಲ ಎತ್ತಿಕೊಂಡು ಮೆಟ್ಟಿಲಿಳಿದಿದ್ದರೆ ಈ ಕಾಗದ ಇರುತ್ತಿರಲಿಲ್ಲ. ಆದರೆ ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಈ ಮುದುಕಿ ಏನು ಹೇಳುತ್ತಾಳೋ ಎಂದು ತಿರುಗಿ ನೋಡಿದರು. ನನ್ನನ್ನು ಕೆಡಿಸಿದ್ದು ಆ ಎರಡು ಜೊತೆ ಕಣ್ಣು. ಕಂಪನಿ ಮುಚ್ಚಿದ ಮೇಲೆ ಯಾರೂ ನನ್ನನ್ನು ಹಾಗೆ ಕಾದು ನೋಡಿರಲಿಲ್ಲ.

"ಆಕಿ ಬರೂದಿಲ್ಲಪ್ಪಾ" ಅಂದೆ.

ಅಳಲಿಲ್ಲ. ಅಳದೆ ನಿಂತರೆ ನೋಡುವವರೇ ಅಳುತ್ತಾರೆ ಎಂಬುದು, ಮಗನ ಹೆಣದ ಮುಂದೆ ನಿಲ್ಲುವ ತಾಯಿಯ ಪಾತ್ರವನ್ನು ಊರೂರಲ್ಲಿ ಮಾಡಿ ಕಲಿತ ವಿದ್ಯೆ. ಲ್ಯಾಪ್‌ಟಾಪಿಗೆ ಸುತ್ತಿದ ಸೀರೆಯನ್ನು ನಿಧಾನವಾಗಿ ಬಿಚ್ಚಿದೆ, ಕೂಸಿನ ಮೈಮೇಲಿನ ದುಪ್ಪಟಿ ಸರಿಸಿದಂತೆ. "ಇನ್ನ ಎಲ್ಲಿಂದ ಬರತಾಳ. ಇದರಾಗ ಆಕಿ ಫೋಟೋ ಅದಾವಂತ. ಒಮ್ಮೆ ಮುಖ ನೋಡತೇನಿ, ಸಾಕು."

ಮಗಳೇ, ಬದುಕಿ ಕನಕಪುರದಲ್ಲಿ ಹೋಳಿಗೆ ತಿನ್ನುತ್ತಿದ್ದ ನಿನ್ನನ್ನು ನಾನು ಸಾರಕ್ಕಿಯಲ್ಲಿ ಹೀಗೆ ಕೊಂದೆ. ಅಲ್ಲಿ ಕೂತಿದ್ದ ಹೆಂಗಸು ಎದ್ದು ತನ್ನ ಬಾಟಲಿಯ ನೀರು ಕೊಟ್ಟಳು. ಯುವರಾಜ್ ಕೈ ಒರೆಸಿಕೊಂಡು ಕುರ್ಚಿ ಎಳೆದು ಹಾಕಿದ. ಆ ಗಳಿಗೆಯಲ್ಲಿ ನನಗೆ ಏನನ್ನಿಸಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಬರೆಯದಿದ್ದರೆ ಇದೆಲ್ಲ ವ್ಯರ್ಥ. ನನಗೆ ಹಿತವಾಯಿತು. ವಿದ್ಯೆ ಇನ್ನೂ ಹೋಗಿಲ್ಲ ಅನ್ನಿಸಿತು.

ಆಮೇಲೆ ಅವನು ಮಾಡಿದ್ದು ಇಷ್ಟೇ. ಬಾಯಿಗೆ ಬಂದ ಪಾಸ್‌ವರ್ಡನ್ನು ಮೂರು ಸಲ ಒತ್ತಿದ. ಮೂರನೆಯ ಸಲ ಯಂತ್ರ ಸಿಟ್ಟಿಗೆದ್ದು, ಇನ್ನು ಆಗುವುದಿಲ್ಲ ಎಂದು ಹೇಳಿ, ಕೆಳಗೆ ಒಂದು ಅಂಕಿ ತೋರಿಸಿತು. ಆ ಅಂಕಿಯನ್ನು ತನ್ನ ಕಂಪ್ಯೂಟರಿಗೆ ಹಾಕಿದ; ಅದು ಒಂದು ಪದ ಕೊಟ್ಟಿತು. ಆ ಪದ ಇಲ್ಲಿ ಒತ್ತಿದ. ಬೀಗ ಕಳಚಿತು. ಇನ್ನು ಮುಂದೆ ಕೇಳದಿರಲೆಂದು ಅದನ್ನು ಕಿತ್ತೇ ಹಾಕಿದ. ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟು ಹೊತ್ತೂ ಹಿಡಿಯಲಿಲ್ಲ.

"ಇಷ್ಟ ಸುಲಭ ಏನಪ್ಪಾ?" ಅಂದೆ.

"ಮಾಡೋರೇ ಬಿಟ್ಟಿರ್ತಾರಮ್ಮ, ಓನರ್ ಪಾಸ್‌ವರ್ಡ್ ಮರ್ತೋದ್ರೆ ಇರ್ಲಿ ಅಂತ. ಗುಟ್ಟು ಅಂದ್ಕೊಂಡಿದ್ದಾರೆ. ನೆಟ್‌ನಲ್ಲೆಲ್ಲ ಬಂದೋಗಿದೆ. ಈ ರೋಡಲ್ಲೇ ಇನ್ನೂ ಎಷ್ಟೋ ಜನ ತೆಗೀತಾರೆ."

ನಮ್ಮ ತಗಡಿನ ಥಿಯೇಟರಿಗೂ ಹಿಂದುಗಡೆ ಒಂದು ಸಡಿಲು ತಗಡು ಇತ್ತು, ಮಾಲೀಕರ ಮನೆಯವರು ಟಿಕೆಟ್ಟಿಲ್ಲದೆ ಬರಲೆಂದು. ಮುಂದಿನ ಗೇಟಿನಲ್ಲಿ ದೊಣ್ಣೆ ಹಿಡಿದವನು, ಹಿಂದೆ ಕಳ್ಳಗಿಂಡಿ. ಕ್ಯಾಂಪು ಹಾಕಿದ ಊರಿನ ಪಡ್ಡೆಗಳಿಗೆಲ್ಲ ಅದು ಗೊತ್ತು, ಗೊತ್ತಿಲ್ಲ ಎಂದುಕೊಂಡವರು ಮಾಲೀಕರು ಮಾತ್ರ. ನಿಮ್ಮ ರವಿಕುಮಾರನಿಗೆ ಇದನ್ನು ಹೇಳು, ತಿಳಿದೀತು.

ಯುವರಾಜ್ ಫೋಟೋ ಹುಡುಕತೊಡಗಿದ. ನನಗೆ ಬೇಕಾದದ್ದು ಫೋಟೋ ಅಲ್ಲವೇ, ಹಾಗಂತ ನಾನೇ ಹೇಳಿದ್ದೆನಲ್ಲ. ಒಳಗೆ ಯಾವನೂ ಇರಲಿಲ್ಲ. ಬರೀ ಇಂಗ್ಲಿಷು, ಅಂಕಿಗಳು. ಅವನು ಒಂದನ್ನು ಓದುತ್ತ ನಿಂತುಬಿಟ್ಟ. "ಅಮ್ಮ, ನಾನೀಗ ಮಾಡಿದ್ನಲ್ಲ, ಅದನ್ನೇ ನಿಮ್ಮ ಮಗಳು ಬರ್ದಿದ್ದಾರೆ. ಇದು ತಪ್ಪು, ಸರಿ ಮಾಡ್ಬೇಕು ಅಂತ. ಸಖತ್ ಬುದ್ಧಿವಂತ್ರು ಇದ್ರು ಬಿಡಿ."

ಇದ್ರು.

ಬೇರೆಯವರ ಬಾಯಿಯಿಂದ ಆ ಮಾತು ಬರುವವರೆಗೆ ಅದು ನಾಟಕವಾಗಿತ್ತು. ಆಮೇಲೆ ಆಗಲಿಲ್ಲ. ಸಾಕಪ್ಪಾ, ಕೊಡು, ಹೋಗುತ್ತೇನೆ ಅಂದೆ. ಅವನು ಬಿಡಲಿಲ್ಲ. "ತಡೀರಮ್ಮ, ಇಷ್ಟ್ ದೂರ ಬಂದಿದ್ದೀರಾ, ಒಂದಾದ್ರೂ ಸಿಗುತ್ತೆ." ಕೊನೆಗೆ ನಿಮ್ಮ ಆಫೀಸಿನವರು ಎಲ್ಲಿಗೋ ಹೋದಾಗ ತೆಗೆಸಿದ ಗುಂಪಿನ ಚಿತ್ರ ಸಿಕ್ಕಿತು. ಅಂಚಿನಲ್ಲಿ ನೀನು, ಹಸಿರು ಚೂಡಿದಾರ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. ಉಳಿದವರನ್ನೆಲ್ಲ ಕತ್ತರಿಸಿ, ನಿನ್ನೊಬ್ಬಳ ಮುಖ ದೊಡ್ಡದು ಮಾಡಿ ಕೇಳಿದ:

"ಹಾರ ಹಾಕಿ ಪ್ರಿಂಟ್ ಕೊಡ್ಲಾ ಅಮ್ಮ? ಕಂಪ್ಯೂಟರಲ್ಲೇ ಬರುತ್ತೆ, ಮಲ್ಲಿಗೆದು ಇದೆ, ಗಂಧದ್ದು ಇದೆ."

ಬೇಡ ಬೇಡ ಎಂದು ಅವನ ಕೈ ಹಿಡಿದುಕೊಂಡೆ. ಅದು ಅಭಿನಯವಲ್ಲ, ಪ್ರಿಯಾ. ಆದರೆ ಅವನಿಗೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ. ಹಾರವಿಲ್ಲದೆಯೇ ಪ್ರಿಂಟು ತೆಗೆದು, ಗಟ್ಟಿ ಕವರಿನಲ್ಲಿ ಹಾಕಿ ಕೊಟ್ಟ. ದುಡ್ಡು ಮುಟ್ಟಲಿಲ್ಲ. "ನಮ್ಮಕ್ಕ ಹೋದಾಗ್ಲೂ ನಮ್ಮಮ್ಮ ಹಿಂಗೇ ಫೋಟೋ ಹುಡುಕ್ತಿದ್ರು" ಎಂದಷ್ಟೇ ಹೇಳಿ, ಚೀಲ ಹೊತ್ತು ಬಸ್ ಸ್ಟಾಪಿನವರೆಗೆ ಬಂದ.

ನಮ್ಮ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಹೆಣದ ದೃಶ್ಯ ಮುಗಿದ ಮೇಲೆ ಸತ್ತವನಾಗಿ ಮಲಗಿದ್ದವನು ಒಳಗೆ ಬಂದು ನಮ್ಮ ಮುಂದೆ ನಿಲ್ಲಬೇಕು, ಅತ್ತವರು ಅವನ ಬಾಯಿಗೆ ಸಕ್ಕರೆ ಹಾಕಬೇಕು. ಆಮೇಲೆಯೇ ಬಣ್ಣ ಒರೆಸುವುದು. ಮರುದಿನ ನೀನು ಮದುವೆಯಿಂದ ಬಂದಾಗ ಹೊಸ್ತಿಲಲ್ಲೇ ನಿಲ್ಲಿಸಿ ಒಂದು ಹಿಡಿ ಸಕ್ಕರೆ ಹಾಕಿದೆನಲ್ಲ, ನೀನು ಬಾಯಿ ತುಂಬಿಕೊಂಡೇ, "ಏನವ್ವಾ ಇದು, ಯಾರ ಹುಟ್ಟಿದಹಬ್ಬ?" ಎಂದು ನಕ್ಕೆಯಲ್ಲ. ಅದು ಈ ಸಕ್ಕರೆ. ನಿನಗೆ ಸಿಹಿ ಹತ್ತಿತು, ನನ್ನ ಬಣ್ಣ ಇಳಿಯಲಿಲ್ಲ.

ನಿನ್ನೆ ಮಧ್ಯಾಹ್ನ ನೀನು ಮಲಗಿದ್ದಾಗ ಮತ್ತೆ ಸಾರಕ್ಕಿಗೆ ಹೋದೆ. ಮಗಳು ಬದುಕಿದ್ದಾಳೆ, ಕ್ಷಮಿಸಪ್ಪಾ ಎಂದು ಹೇಳಿಬರಬೇಕೆಂದೇ ಹೋದೆ. ಯುವರಾಜ್ ನನ್ನನ್ನು ಕಂಡು ಗಿರಾಕಿಯನ್ನು ಎಬ್ಬಿಸಿ ಸ್ಟೂಲು ಕೊಟ್ಟ. ಅವನ ತಾಯಿ ಮಾರಮ್ಮ ಊಟದ ಡಬ್ಬಿ ತಂದಿದ್ದರು. ಅವರು ನನ್ನ ಪಕ್ಕ ಕೂತು, "ಹೊತ್ತೊತ್ತಿಗೆ ಉಣ್ತಿದ್ದೀಯೇನಕ್ಕ? ಉಣ್ಬೇಕು. ಇಲ್ದಿದ್ರೆ ಬಿದ್ದೋಗ್ತೀವಿ" ಎಂದು ತಮ್ಮ ಡಬ್ಬಿಯ ಮುದ್ದೆ ಮುರಿದು ನನ್ನ ಮುಂದಿಟ್ಟರು. ನಿಜವಾಗಿ ಮಗಳನ್ನು ಕಳೆದುಕೊಂಡ ತಾಯಿಯ ಕೈಯಿಂದ, ಕಳೆದುಕೊಂಡಂತೆ ಆಡಿದ ನಾನು ಉಂಡೆ. ಉಂಡು, ಏನೂ ಹೇಳದೆ, ಎದ್ದು ಬಂದೆ. ಇಷ್ಟು ಬರೆದದ್ದರಲ್ಲಿ ಎಲ್ಲಕ್ಕಿಂತ ಕೀಳಾದದ್ದು ಇದು. ಲ್ಯಾಪ್‌ಟಾಪಿನ ಮಾತು ಬೇರೆ, ಆ ತುತ್ತಿನ ಮಾತೇ ಬೇರೆ.

ಮೇಲೆ ಓದಿ ನೋಡಿದೆ. ಒಂದು ಕಡೆ ಸುಳ್ಳು ಬರೆದಿದ್ದೇನೆ. ಗೀಚಿ ಹಾಕುವುದಿಲ್ಲ, ಇರಲಿ, ಎಷ್ಟು ಸಲೀಸಾಗಿ ಬರುತ್ತದೆ ನೋಡು. ಲಕ್ಕವ್ವನ ಫೋನು ಬಂದದ್ದು ನಿಜ. ಆದರೆ ನಾನು ಯಾವನನ್ನೋ ಹುಡುಕಲು ಅದನ್ನು ತೆಗೆಸಲಿಲ್ಲ. ಬೇಸಿಗೆಯಲ್ಲಿ ಬನಶಂಕರಿಯಲ್ಲಿ ವನಿತಾಳ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವಲ್ಲ, ಅಲ್ಲಿ ಅವಳ ತಾಯಿ, "ನಿಮ್ಮಮ್ಮ ಮೊದಲು ಏನು ಮಾಡ್ಕೊಂಡಿದ್ರು?" ಎಂದು ನಿನ್ನನ್ನು ಕೇಳಿದರು. ನೀನು, "ಟೀಚರ್ ಆಗಿದ್ರು ಆಂಟಿ" ಅಂದೆ. ನಾನು ಕಂಬದ ಆಚೆ ಎಲೆ ಹಾಸುತ್ತಿದ್ದೆ. ತಪ್ಪೆಂದು ಹೇಳುತ್ತಿಲ್ಲ. ಕಂಪನಿಯ ಹೆಂಗಸು ಎಂದರೆ ಜನ ಏನೇನು ತಿಳಿಯುತ್ತಾರೋ ನಿನಗಿಂತ ಮೊದಲೇ ನನಗೆ ಗೊತ್ತು. ನಿಮ್ಮಪ್ಪ ಸತ್ತಾಗ ಹೆಣ ಹೊರಲು ಬಂದವರು ನಾಟಕದವರು ಮಾತ್ರ. ಆದರೆ ಅಂದಿನಿಂದ ಒಂದು ಹುಳ ಹೊಕ್ಕಿತು. ಗೆಳತಿಯರಿಗೆ ನನ್ನ ಬಗ್ಗೆ ಏನೇನು ಬರೆಯುತ್ತಾಳೆ, ಎಷ್ಟು ನಾಚುತ್ತಾಳೆ, ನೋಡಲೇಬೇಕು ಅನ್ನಿಸಿತು. ಅದರೊಳಗೆ ನಾನು ಎಲ್ಲಿಯೂ ಇರಲಿಲ್ಲ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಅದು ಬರೀ ಆಫೀಸಿನ ಪರೀಕ್ಷೆಗೆ ಇಟ್ಟ ಯಂತ್ರ ಎಂದ ಯುವರಾಜ್. ನಿನ್ನ ನಾಚಿಕೆ ಹುಡುಕಲು ಹೋದವಳು ನನ್ನದನ್ನು ಹೊತ್ತು ತಂದೆ.

ಈಗ ನಾಳೆಯ ಮಾತು. ಆ ಉತ್ತರ ಬರೆಯುವುದನ್ನು ನಿಲ್ಲಿಸು. ನಾನು ನಿನ್ನ ಜೊತೆ ಜೆ.ಪಿ. ನಗರದ ಆಫೀಸಿಗೆ ಬರುತ್ತೇನೆ. ಬೀಗ ತೆಗೆಸಿದ್ದು ನಾನು, ಪಾಸ್‌ವರ್ಡ್ ಯಾರೂ ಕೊಟ್ಟಿಲ್ಲ, ನನ್ನ ಮಗಳು ಬರೆದದ್ದೆಲ್ಲ ಸತ್ಯ, ತೋರಿಸಿ ಎಂದಿರಲ್ಲ, ತೆಗೆಸಿದವಳು ಇಗೋ ನಿಂತಿದ್ದೇನೆ ಎಂದು ಕುರ್ಚಿಯಲ್ಲಿ ಕೂತು, ಕೈ ಮಡಚಿಕೊಂಡು, ಸಣ್ಣ ದನಿಯಲ್ಲಿ ಹೇಳುತ್ತೇನೆ. ನನ್ನ ದನಿ ಏರಿದರೆ ಕಾಲು ತುಳಿ. ನಿಮ್ಮ ತಾಯಿ ಏನು ಮಾಡಿಕೊಂಡಿದ್ದರು ಎಂದು ಅವರು ಕೇಳಿದರೆ ನಿನಗೆ ತೋಚಿದ್ದು ಹೇಳು, ನಾನು ತಿದ್ದುವುದಿಲ್ಲ.

ಆದರೆ ಯುವರಾಜನ ಹೆಸರು ಅವನನ್ನು ಕೇಳದೆ ಯಾರಿಗೂ ಹೇಳಬೇಡ. ಅವನು ಮೊದಲು ಒಲ್ಲೆ ಎಂದವನು. ಅವನ ತಪ್ಪು ನನ್ನನ್ನು ನಂಬಿದ್ದಷ್ಟೇ. ಬೆಳಿಗ್ಗೆ ಆಫೀಸಿಗೆ ಮೊದಲು ಸಾರಕ್ಕಿಗೆ ಹೋಗೋಣ. ನೀನು ಅವರಿಬ್ಬರ ಮುಂದೆ ನಿಲ್ಲಬೇಕು. ಅವನು ಬೈದರೆ ಬೈಸಿಕೊಳ್ಳುತ್ತೇನೆ. ಮಾರಮ್ಮ ಏನನ್ನುತ್ತಾರೋ, ಅದನ್ನೂ ಕೂತು ಕೇಳುತ್ತೇನೆ. ಬರುತ್ತೀಯಾ? ಬಾಗಿಲು ತೆಗೆಯದಿದ್ದರೂ ಸರಿ, ಒಳಗಿನಿಂದಲೇ ಹೂಂ ಅನ್ನು. ಅನ್ನದಿದ್ದರೆ ನಾನೊಬ್ಬಳೇ ಹೋಗಿ ಎರಡೂ ಕಡೆ ಹೇಳಿ ಬರುತ್ತೇನೆ, ಈ ಸಲ ತಪ್ಪಿಸಿಕೊಳ್ಳುವುದಿಲ್ಲ.

ನೂರು ವರ್ಷ ಬಾಳು.

ನಿನ್ನ ಮುಖ ನೋಡಲು ನಾಚುತ್ತಿರುವ ಅವ್ವ,
ಶಂಕ್ರವ್ವ

ಮರೆತದ್ದು: ಕಾಗದದ ಜೊತೆ ಆ ಫೋಟೋವನ್ನೂ ಬಾಗಿಲ ಕೆಳಗೆ ತಳ್ಳುತ್ತಿದ್ದೇನೆ, ಅಂಗಡಿಯ ಮುದ್ರೆ ಹಿಂದೆ ಇದೆ. ಕೆಳಗಿನ ಬಿಳಿ ಪಟ್ಟಿಯಲ್ಲಿ ಅಚ್ಚಾದ ಹೆಸರು ನೋಡಿ ಬೆಚ್ಚಬೇಡ. ಪ್ರಿಂಟು ತೆಗೆಯುವ ಮೊದಲು ಯುವರಾಜ್, "ಹೆಸರು ಏನು ಹಾಕ್ಲಮ್ಮ?" ಎಂದು ಕೇಳಿದ. ಆ ಜಾಗಕ್ಕೆ ನಿನ್ನ ಹೆಸರು ಹೇಳಲು ನಾಲಿಗೆ ಏಳಲಿಲ್ಲ, ಶಂಕ್ರವ್ವ ಅಂದೆ. "ಈ ಕಾಲದಲ್ಲೂ ಈ ಹೆಸರಿಟ್ಟಿದ್ರಾ?" ಅಂದ. ಅಜ್ಜಿಯ ಹೆಸರು ಅಂದೆ. ಯುವರಾಜ್ ಒಪ್ಪಿ, ನಾಳೆ ರವಿಕುಮಾರನಿಗೆ ಇದನ್ನು ತೋರಿಸಬೇಕಾಗಿ ಬಂದರೆ ಆ ಪಟ್ಟಿಯನ್ನು ಕತ್ತರಿಸಿ ತೋರಿಸಬೇಡ. ಸತ್ತದ್ದು ಯಾರೆಂದು ಅವರೂ ಓದಿಕೊಳ್ಳಲಿ.